ಅಕ್ಷರದ ಅಡಿಯ ಅಂಗೈ

"ಬುದ್ಧಿ, ತಪ್ಪನ್ನು ದೇವರ ಮುಂದೆ ಒಪ್ಪಿಕೊಂಡವನು ಮನುಷ್ಯರ ಮುಂದೆಯೂ ಒಪ್ಪಿಕೊಳ್ಳಲೇಬೇಕೇ?"

ಕೇಳಿದವನು ಗುರುಸಿದ್ದಪ್ಪ. ಮಠದ ದಾಸೋಹದ ಉಗ್ರಾಣವನ್ನು ಹನ್ನೆರಡು ವರ್ಷದಿಂದ ನೋಡಿಕೊಳ್ಳುತ್ತಿದ್ದ ಶಿಷ್ಯ. ಬೆಳಗಿನ ಪೂಜೆ ಮುಗಿದು ಉಳಿದವರೆಲ್ಲ ಪ್ರಸಾದಕ್ಕೆ ಎದ್ದು ಹೋಗಿದ್ದರು. ಅವನೊಬ್ಬ ಎದ್ದಿರಲಿಲ್ಲ.

"ಯಾರ ತಪ್ಪು, ಮಗೂ?" ಎಂದರು ಗುರುಗಳು.

"ನನ್ನದೇ ಬುದ್ಧಿ. ನನ್ನ ಮಾತಿನಿಂದ ಒಬ್ಬರ ಮೇಲೆ ಅಪವಾದ ಬಂತು. ಆಗಿ ಬಹಳ ದಿನವಾಯಿತು. ಇಷ್ಟಲಿಂಗವನ್ನು ಅಂಗೈಯಲ್ಲಿ ಹಿಡಿದು ದಿನವೂ ಬೇಡಿಕೊಳ್ಳುತ್ತೇನೆ. ಶಿವನಿಗೆ ತಿಳಿಯದ್ದು ಯಾವುದಿದೆ? ಅವನೇ ಕ್ಷಮಿಸಿದ ಮೇಲೆ, ಮುಚ್ಚಿಹೋದದ್ದನ್ನು ಕೆದಕಿ ನಾಲ್ಕು ಜನರ ಬಾಯಿಗೆ ಬೀಳುವುದು ಯಾತಕ್ಕೆ? ನನಗೆ ಬೇಕಾದದ್ದು ಮನಸ್ಸಿಗೆ ಒಂದಿಷ್ಟು ಸಮಾಧಾನ."

ಗುರುಗಳು ಅವನನ್ನು ಗದರಲಿಲ್ಲ. ಈ ಕತೆಯನ್ನು ಹೇಳಿದರು.

ಎಣ್ಣೆ ಮಿಲ್ಲುಗಳ ಒಂದು ಊರು. ಅಲ್ಲೊಬ್ಬ ರೇಡಿಯಂ ಅಂಗಡಿಯವನಿದ್ದ. ಬಣ್ಣದ ಅಂಟುಹಾಳೆಯಲ್ಲಿ ಅಕ್ಷರಗಳನ್ನು ಕತ್ತರಿಸಿ ಬಸ್ಸು, ಲಾರಿ, ಆಟೊಗಳ ಮೈಗೆ ಅಂಟಿಸುವುದು ಅವನ ಕಾಯಕ. ಕೈ ಶುದ್ಧ, ಸಾಲು ನೆಟ್ಟಗೆ. ಅವನು ಅಂಟಿಸಿದ ದೇವರ ಹೆಸರು ಲಾರಿ ಹಳೆಯದಾಗಿ ಗುಜರಿಗೆ ಹೋಗುವವರೆಗೂ ಬಿಡುತ್ತಿರಲಿಲ್ಲ.

ಅವನು ದೈವಭಕ್ತ. ಬೆಳಿಗ್ಗೆ ಎದ್ದು ಸ್ನಾನ ಮಾಡಿ, ಹಣೆಗೆ ವಿಭೂತಿ ಧರಿಸಿ, ಅಂಗಡಿಯ ಗೂಡಿನಲ್ಲಿದ್ದ ದೇವರಿಗೆ ದೀಪ ಹಚ್ಚುವವರೆಗೆ ಒಂದು ಗುಟುಕು ನೀರನ್ನೂ ಕುಡಿಯುತ್ತಿರಲಿಲ್ಲ. ಸುಳ್ಳು ಆಡಿದ್ದನ್ನು ಯಾರೂ ಕೇಳಿರಲಿಲ್ಲ. ಊರವರು ಅವನನ್ನು ಹೆಸರು ಹಿಡಿದು ಕರೆಯುವುದನ್ನೇ ಬಿಟ್ಟಿದ್ದರು. ಶರಣರೇ ಎನ್ನುತ್ತಿದ್ದರು. ಅವನೂ ಆ ಹೆಸರಿಗೆ ಒಗ್ಗಿಹೋಗಿದ್ದ.

ಒಮ್ಮೆ ಸುತ್ತಲಿನ ನಾಲ್ಕು ಹಳ್ಳಿಯವರು ಕೂಡಿ ಒಂದು ಪುಣ್ಯದ ಕೆಲಸಕ್ಕೆ ಕೈಹಾಕಿದರು. ರಾತ್ರಿ ಹಗಲು ಎನ್ನದೆ ರೋಗಿಗಳನ್ನು, ಬಸುರಿಯರನ್ನು ಆಸ್ಪತ್ರೆಗೆ ಒಯ್ಯಲು ಒಂದು ವ್ಯಾನು ಬೇಕಾಗಿತ್ತು. ಮಿಲ್ಲಿನ ಮಾಲೀಕರು ತಮ್ಮ ಹಳೆಯ ವ್ಯಾನನ್ನು ದಾನ ಕೊಟ್ಟರು. ಹದಿನೆಂಟು ವರ್ಷ ಎಣ್ಣೆ ಡಬ್ಬ ಹೊತ್ತ ವ್ಯಾನು ಅದು. ಹದಿನೆಂಟು ವರ್ಷವೂ ಅದನ್ನು ಓಡಿಸಿದವನು ಪಾಲಯ್ಯ ಎಂಬ ಚಾಲಕ. ವ್ಯಾನಿನ ಜೊತೆಗೆ ಅವನೂ ಬಂದ. ಬೇರೆ ಬಂಡಿಯ ಸ್ಟೀರಿಂಗು ಹಿಡಿದು ಅವನಿಗೆ ಗೊತ್ತಿರಲಿಲ್ಲ. ರೋಗಿಗಳ ಬಂಡಿ ಓಡಿಸುವುದೆಂದರೆ ಸಾಯುವ ಮೊದಲು ದೇವರು ಕೊಟ್ಟ ಬಡ್ತಿ ಎಂದು ಕಂಡಕಂಡವರಲ್ಲಿ ಹೇಳಿಕೊಂಡು ತಿರುಗಿದ.

ಈ ಪಾಲಯ್ಯನಿಗೆ ಒಂದು ರೂಢಿ. ದಿನಾ ಬೆಳಿಗ್ಗೆ ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುವನು. ಅಂಗೈಯಲ್ಲಿ ಉಳಿದದ್ದನ್ನು ವ್ಯಾನಿನ ಮೂತಿಗೆ ಸವರುವನು. ಕೇಳಿದವರಿಗೆ, "ನಾನೊಬ್ಬನೇ ಮಿಂಚಿದ್ರೆ ಅದಕ್ಕೆ ಬೇಜಾರಾಗಲ್ವೇ?" ಎನ್ನುವನು. ಊರಿಗೆಲ್ಲ ಇದು ಗೊತ್ತಿತ್ತು, ಊರೆಲ್ಲ ಇದಕ್ಕೆ ನಗುತ್ತಿತ್ತು.

ವ್ಯಾನಿಗೆ ಬಿಳಿ ಬಣ್ಣ ಹೊಡೆಸಿ ತಿಂಗಳಾಗಿತ್ತು. ಅಷ್ಟರಲ್ಲೇ ಮಿಲ್ಲಿನ ಅಂಗಳದಲ್ಲಿ ನಿಂತು ಮೈತುಂಬ ಎಣ್ಣೆಯ ಜಿಡ್ಡು, ಮೇಲೆ ಧೂಳು. ಎರಡೂ ಮಗ್ಗುಲಿಗೆ 'ರೋಗಿಗಳ ಸೇವೆಗೆ' ಎಂಬ ಕೆಂಪು ಅಕ್ಷರಗಳನ್ನು ಅಂಟಿಸಬೇಕು. ನಾಲ್ಕು ಹಳ್ಳಿಯ ಪರವಾಗಿ ಗೌಡರು ಬಂದು ಆ ಕೆಲಸವನ್ನು ಶರಣರಿಗೆ ಒಪ್ಪಿಸಿದರು. ಅವನು ಕೂಲಿ ಬೇಡವೆಂದ. ದೇವರ ಕೆಲಸ ಎಂದ.

ಅಂಟಿಸುವುದು ಈ ಕಾಯಕದಲ್ಲಿ ಕಡೆಯ ಮಾತು. ಮೊದಲು ತೊಳೆಯಬೇಕು. ಅವನೂ ಪಾಲಯ್ಯನೂ ಸೇರಿ ಒಂದಿಡೀ ದಿನ ತೊಳೆದರು. ಮೊದಲು ಬಿಸಿನೀರು, ಸೋಪು. ಆಮೇಲೆ ಬರಿನೀರು. ಆಮೇಲೆ ಸ್ಪಿರಿಟ್ಟು. ಒಂದು ಬಟ್ಟೆಯಲ್ಲಿ ಸ್ಪಿರಿಟ್ಟು ಒರೆಸಿ, ಅದು ಆರುವ ಮೊದಲೇ ಇನ್ನೊಂದು ಒಣ ಬಟ್ಟೆಯಲ್ಲಿ ಎತ್ತಬೇಕು. ಹಾಗೆ ಎತ್ತದಿದ್ದರೆ ಜಿಡ್ಡು ಕರಗಿ ಮತ್ತೆ ಅಲ್ಲೇ ಕೂರುತ್ತದೆ. ಬಾಗಿಲಿನ ಅಂಚು, ತಗಡು ಸೇರುವ ಗೆರೆ, ಮೊಳೆಯ ಸುತ್ತ, ಒಂದನ್ನೂ ಬಿಡುವಂತಿಲ್ಲ.

ಪಾಲಯ್ಯ ಸೊಂಟ ಹಿಡಿದುಕೊಂಡು ಕೇಳಿದ. "ಶರಣರೇ, ನನ್ನ ಮದುವೆ ದಿನ ನನ್ನನ್ನೂ ಇಷ್ಟು ತಿಕ್ಕಿರಲಿಲ್ಲ. ಇನ್ನೂ ಕೊಳೆ ಐತಾ?"

"ನೀರನ್ನೇ ಕೇಳೋಣ ತಾಳು, ಪಾಲಣ್ಣ."

ಅವನು ಒಂದು ಚೊಂಬು ನೀರನ್ನು ತಗಡಿನ ಮೇಲಿಂದ ಬಿಟ್ಟ. ನೀರು ಮುತ್ತುಮುತ್ತಾಗಿ ಒಡೆದು ಅಲ್ಲಲ್ಲೇ ನಿಂತಿತು. ಪಾಲಯ್ಯನಿಗೆ ಅದು ಬಹಳ ಚೆಂದ ಕಂಡಿತು.

"ನೋಡೋಕೆ ಚೆಂದ," ಎಂದ ಶರಣ. "ಆದರೆ ನೀರು ಹೀಗೆ ಮುತ್ತು ಕಟ್ಟಿದ ಕಡೆ ಎಣ್ಣೆ ಉಳಿದಿದೆ ಅಂತ ಲೆಕ್ಕ. ಅಲ್ಲಿ ನನ್ನ ಅಕ್ಷರ ನಿಲ್ಲೋದಿಲ್ಲ. ನೀರು ಒಂದೇ ಸಮ ಪರದೆ ಎಳೆದ ಹಾಗೆ ಇಳೀಬೇಕು."

ಮತ್ತೆ ತೊಳೆದರು. ಮೂರನೆಯ ಸಲಕ್ಕೆ ನೀರು ಪರದೆಯಂತೆ ಇಳಿಯಿತು. ಕೊನೆಗೆ ಇನ್ನೊಮ್ಮೆ ಸ್ಪಿರಿಟ್ಟಿನಲ್ಲಿ ಒರೆಸಿ, ವ್ಯಾನನ್ನು ಅಂಗಡಿಯ ಒಳಕ್ಕೆ ತಳ್ಳಿದರು.

"ಇನ್ನು ಅಂಟಿಸಿ ಮುಗಿಯುವವರೆಗೆ ಯಾರ ಕೈಯೂ ತಾಕಬಾರದು, ಪಾಲಣ್ಣ. ನಿನ್ನ ಕೈಯಂತೂ ಖಂಡಿತ ಬೇಡ."

"ಅಯ್ಯೋ, ನಾನು ಕೈ ಕಟ್ಟಿಕೊಂಡೇ ನಿಲ್ತೀನಿ," ಎಂದು ಪಾಲಯ್ಯ ನಿಜವಾಗಿಯೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಹೊರಗೆ ಹೋದ.

ಮಾರನೆಯ ಬೆಳಿಗ್ಗೆ ಶರಣ ಎಂದಿನಂತೆ ಸ್ನಾನ ಮಾಡಿ ಅಂಗಡಿಗೆ ಬಂದ. ದೇವರ ಗೂಡಿನ ಮುಂದೆ ನಿಂತು ಬತ್ತಿಯನ್ನು ಬೆರಳಲ್ಲಿ ಹೊಸೆದ, ದೀಪಕ್ಕೆ ಎಣ್ಣೆ ಎರೆದ, ಹಚ್ಚಿ ಕೈಮುಗಿದ. ಮನಸ್ಸು ತುಂಬಿಬಂದಿತ್ತು. ನಾಲ್ಕು ಹಳ್ಳಿಯ ನೋವು ಹೊರುವ ಬಂಡಿ ಇದು, ಇದಕ್ಕೆ ನನ್ನ ಕೈಯಿಂದ ಅಕ್ಷರ ಬೀಳುವುದು ಎಂಥ ಭಾಗ್ಯ ಎಂದುಕೊಂಡ. ನೇರ ವ್ಯಾನಿನ ಬಳಿಗೆ ಹೋಗಿ, ಕೆಲಸಕ್ಕೆ ತೊಡಗುವ ಮೊದಲು ಯಾವಾಗಲೂ ಮಾಡುವಂತೆ, ಅಂಗೈಯನ್ನು ತಗಡಿಗೆ ಊರಿ ಆ ಕೈಯನ್ನು ಕಣ್ಣಿಗೊತ್ತಿಕೊಂಡ. ಆ ಮಗ್ಗುಲಿಗೂ ಹೋಗಿ ಹಾಗೆಯೇ ಮಾಡಿದ. ಬೇರೆ ದಿನಗಳಲ್ಲಿ ಅವನು ಮುಟ್ಟಿ ನಮಸ್ಕರಿಸಿದ ಮೇಲೆ ಒರೆಸುತ್ತಿದ್ದ. ಅಂದು ಒರೆಸುವ ಕೆಲಸ ಹಿಂದಿನ ದಿನವೇ ಮುಗಿದಿತ್ತು.

ಅಕ್ಷರಗಳನ್ನು ಕೂರಿಸಿದ. ಪ್ಲಾಸ್ಟಿಕ್ ಪಟ್ಟಿಯಿಂದ ನಡುವಿನಿಂದ ಅಂಚಿಗೆ ಒತ್ತುತ್ತಾ ಗಾಳಿ ಹೊರಡಿಸಿದ. ಮಧ್ಯಾಹ್ನದ ಹೊತ್ತಿಗೆ ಕೆಲಸ ಮುಗಿಯಿತು. ವ್ಯಾನನ್ನು ಶಾಲೆಯ ಬಯಲಿಗೆ ಒಯ್ದು, ಮೇಲೆ ಬಟ್ಟೆ ಹೊದಿಸಿ ನಿಲ್ಲಿಸಿದರು. ಮೂರು ದಿನ ಅದು ಬಿಸಿಲಿನಲ್ಲಿ ನಿಂತಿತ್ತು.

ನಾಲ್ಕನೆಯ ದಿನ ಬೆಳಿಗ್ಗೆ ಪೂಜೆ. ನಾಲ್ಕು ಹಳ್ಳಿಯ ಜನ ನೆರೆದಿದ್ದರು. ಗೌಡರು ಬಟ್ಟೆ ಎಳೆದರು.

ಮೊದಲ ಅಕ್ಷರ ಅರ್ಧ ಬಿಟ್ಟುಕೊಂಡು ಮುಂದಕ್ಕೆ ಬಾಗಿತ್ತು. ಅದರ ಪಕ್ಕದ್ದು ಅಂಚಿನಲ್ಲಿ ಉಬ್ಬಿತ್ತು. ಎಲ್ಲರೂ ನೋಡುತ್ತಿರುವಾಗಲೇ ಗಾಳಿ ಬೀಸಿ ಮೊದಲನೆಯದು ಇನ್ನಷ್ಟು ಬಾಗಿತು.

"ನೋಡ್ರಪ್ಪಾ, ಗೌಡರನ್ನ ಕಂಡು ಅಕ್ಷರಾನೂ ಬಗ್ಗಿ ನಮಸ್ಕಾರ ಮಾಡ್ತೈತೆ!" ಎಂದು ಯಾರೋ ಹಿಂದಿನಿಂದ ಕೂಗಿದರು. ಬಯಲೆಲ್ಲ ನಗು.

ಗೌಡರಿಗೆ ನಗು ಬರಲಿಲ್ಲ. "ಏನಿದು ಶರಣರೇ?"

ನೋಡಿ ಹೇಳುತ್ತೇನೆ ಎಂದು ಅವನು ಹೇಳಬಹುದಿತ್ತು. ಎರಡೇ ಮಾತು ಸಾಕಿತ್ತು. ಆದರೆ ಅಷ್ಟು ಕಣ್ಣು ಒಟ್ಟಿಗೆ ಅವನ ಮೇಲೆ ಬಿದ್ದದ್ದು ಅದೇ ಮೊದಲು. ಅವನ ನೋಟ ಪಾಲಯ್ಯನ ಮೇಲೆ ಹೋಯಿತು. ಪಾಲಯ್ಯ ಹೊಸ ಅಂಗಿ ತೊಟ್ಟು, ತಲೆಗೆ ಎಣ್ಣೆ ಇಳಿಯುವಷ್ಟು ಹಚ್ಚಿ, ವ್ಯಾನಿನ ಬಾಗಿಲಿಗೆ ಆತು ನಿಂತಿದ್ದ.

"ಒರೆಸಿ ಆದ ಮೇಲೆ ಎಣ್ಣೆ ಕೈ ತಾಕಿದೆ, ಗೌಡರೇ," ಎಂದ ಶರಣ. "ಮುಟ್ಟಬೇಡ ಅಂತ ಹೇಳಿದ್ದೆ."

ಅವನು ಯಾರ ಹೆಸರನ್ನೂ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ನೆರೆದ ತಲೆಗಳೆಲ್ಲ ತಾವಾಗಿ ಪಾಲಯ್ಯನ ಕಡೆ ತಿರುಗಿದವು.

"ಶರಣರ ಆಣೆಗೂ ನಾನು ಮುಟ್ಟಿಲ್ಲ ಗೌಡ್ರೇ. ಮುಟ್ಟಿದ ನೆನಪೇ ಇಲ್ಲ ನನಗೆ."

"ತಲೇಲಿ ಅರ್ಧ ಲೀಟರ್ ಹೊತ್ಕೊಂಡು ತಿರುಗ್ತೀಯ, ನೆನಪು ಎಲ್ಲಿ ನಿಲ್ತೈತೆ? ಜಾರಿ ಹೋಗಿರುತ್ತೆ ಬಿಡು!" ಎಂದಿತು ಗುಂಪಿನಿಂದ ಒಂದು ದನಿ.

ಮತ್ತೆ ನಗು. ಪಾಲಯ್ಯನೂ ಅಭ್ಯಾಸಬಲದಿಂದ ಅವರ ಜೊತೆ ನಗಲು ಹೋದ. ಬಾಯಿ ತೆರೆಯಿತು, ನಗು ಬರಲಿಲ್ಲ.

ಗೌಡರು ಕೈ ಚಾಚಿದರು. "ಹೇಳಿದ ಮಾತು ಕೇಳದವನ ಕೈಗೆ ರೋಗಿಗಳ ಜೀವ ಕೊಡೋದು ಹೆಂಗಪ್ಪ? ಕೀಲಿ ಕೊಡು ಇಲ್ಲಿ."

ಪಾಲಯ್ಯ ಶರಣನ ಮುಖ ನೋಡಿದ. ಅವನು ಏನಾದರೂ ಹೇಳಿಯಾನು ಎಂದು ಕಾದ. ಶರಣ ಬಾಗಿದ ಅಕ್ಷರವನ್ನೇ ನೋಡುತ್ತಿದ್ದ. ಪಾಲಯ್ಯ ಕೀಲಿಯನ್ನು ಸೊಂಟದಿಂದ ತೆಗೆದು, ಹೊಸ ಅಂಗಿಗೆ ಎರಡು ಸಲ ಒರೆಸಿ, ಗೌಡರ ಕೈಗೆ ಇಟ್ಟ. ಒರೆಸದೆ ಕೊಡಲು ಅವನಿಗೆ ಧೈರ್ಯ ಬರಲಿಲ್ಲ.

ಅಂದೇ ಮಧ್ಯಾಹ್ನ ವ್ಯಾನು ಮತ್ತೆ ಅಂಗಡಿಗೆ ಬಂತು. ಶರಣ ಒಬ್ಬನೇ ಇದ್ದ. ಸಡಿಲಾದ ಅಕ್ಷರವನ್ನು ಮೆಲ್ಲಗೆ ಕಿತ್ತ, ಬೆನ್ನು ಮೇಲೆ ಮಾಡಿ ಬೆಳಕಿಗೆ ಹಿಡಿದ. ಯಾವ ಅಕ್ಷರ ಏಕೆ ಬಿಟ್ಟಿತು ಎಂಬುದನ್ನು ಅದರ ಬೆನ್ನು ಹೇಳುತ್ತದೆ. ಈ ಕಾಯಕದವರಿಗೆಲ್ಲ ಅದು ಗೊತ್ತು. ಅಂಟು ಹಿಡಿದ ಕಡೆ ಒಂದು ಬಗೆ, ಹಿಡಿಯದ ಕಡೆ ಒಂದು ಬಗೆ.

ಅಂಟಿನ ಮೇಲೆ ಒಂದು ಅಂಗೈ ಮೂಡಿತ್ತು.

ಐದು ಬೆರಳು. ಉಂಗುರದ ಬೆರಳು ಮಾತ್ರ ಮೊಂಡು. ವರ್ಷಗಳ ಹಿಂದೆ ಹಾಳೆ ಕತ್ತರಿಸುವಾಗ ಬ್ಲೇಡು ಜಾರಿ ಶರಣನ ಬಲಗೈಯ ಆ ಬೆರಳಿನ ತುದಿ ಹೋಗಿತ್ತು. ಅವನು ಕೈಯನ್ನು ಅಂಟಿಗೆ ತಾಗಿಸದೆ ಆ ಗುರುತಿನ ಮೇಲೆ ಹಿಡಿದ. ಕೂಸು ತಾಯಿಯ ಮಡಿಲಲ್ಲಿ ಕೂತ ಹಾಗೆ ಕೂತಿತು. ಹೋಗಿ ಇನ್ನೊಂದು ಮಗ್ಗುಲಿನ ಅಕ್ಷರವನ್ನೂ ಕಿತ್ತು ನೋಡಿದ. ಅಲ್ಲೂ ಅದೇ ಕೈ. ಮೂಗಿನ ಹತ್ತಿರ ಹಿಡಿದ. ಕೊಬ್ಬರಿ ಎಣ್ಣೆಯ ವಾಸನೆಯಲ್ಲ, ದೀಪದ ಎಣ್ಣೆಯದು.

ಆಗಲೇ ಓಡಿಹೋಗಿದ್ದರೆ ಗೌಡರು ಇನ್ನೂ ಬಯಲಿನಲ್ಲೇ ಸಿಗುತ್ತಿದ್ದರು. ಪೂಜೆಗೆ ಬಂದ ಜನ ಆಗಿನ್ನೂ ಊಟಕ್ಕೆ ಕೂತಿದ್ದರು. ಅವನು ಬಾಗಿಲವರೆಗೂ ಹೋದ. ಅಲ್ಲಿ ನಿಂತ. ಶರಣರೇ ಸುಳ್ಳು ಹೇಳಿದರಂತೆ ಎಂಬ ಮಾತನ್ನು ಒಮ್ಮೆ ಮನಸ್ಸಿನಲ್ಲೇ ಕೇಳಿಸಿಕೊಂಡ. ತಿರುಗಿ ಒಳಗೆ ಬಂದ. ಎರಡೂ ಅಕ್ಷರಗಳನ್ನು ಅಂಟಿಗೆ ಅಂಟು ಕೂಡಿಸಿ ಮಡಚಿದ. ಹಾಗೆ ಮಡಚಿದ ಹಾಳೆ ಮತ್ತೆ ಬಿಚ್ಚುವುದಿಲ್ಲ. ಒಲೆಗೆ ಹಾಕಿದ.

ಆಮೇಲೆ ಕೈ ತೊಳೆದುಕೊಂಡು, ತಗಡನ್ನು ಮತ್ತೊಮ್ಮೆ ಒರೆಸಿ, ಹೊಸ ಅಕ್ಷರಗಳನ್ನು ಅಂಟಿಸಿದ. ಅವು ಕಲ್ಲಿನಲ್ಲಿ ಕೆತ್ತಿದಂತೆ ನಿಂತವು. "ನೋಡಿದ್ರಾ, ಪಾಲಯ್ಯನ ಕೈ ತಪ್ಪಿದ್ದೇ ಸರಿಹೋಯ್ತು," ಎಂದು ಜನ ಆಡಿಕೊಂಡರು. ಶರಣನ ಕಿವಿಗೆ ಬೀಳುವಂತೆಯೇ ಆಡಿಕೊಂಡರು. ಅವನು ಬ್ಲೇಡು ಹುಡುಕುವವನಂತೆ ತಲೆ ತಗ್ಗಿಸಿದ.

ಅವನ ಭಕ್ತಿ ಸುಳ್ಳಲ್ಲ, ಮಗೂ. ಅದನ್ನು ಮರೆಯದೆ ಕೇಳು.

ಅಂದು ಸಂಜೆ ಅವನು ದೇವರ ಮುಂದೆ ಬಿದ್ದು ಅತ್ತ. ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಒಂದು ಮಾತನ್ನೂ ಮುಚ್ಚಲಿಲ್ಲ. "ನಿನ್ನ ದೀಪದ ಎಣ್ಣೆಯೇ ಅಲ್ಲವೇ ತಂದೆ, ನೀನೇ ಹೊಟ್ಟೆಗೆ ಹಾಕಿಕೋ" ಎಂದು ಬೇಡಿದ. ಹೇಳಿದ ಮೇಲೆ ಆ ಮಾತಿಗೂ ನಾಚಿದ. ಸೋಮವಾರ ಸೋಮವಾರ ಉಪವಾಸ ಹಿಡಿದ. ಬರಿಗಾಲಲ್ಲಿ ಗುಡ್ಡ ಹತ್ತಿ ಶಿವನ ಗುಡಿಯಲ್ಲಿ ಕೈಯಾರೆ ಅಭಿಷೇಕ ಮಾಡಿದ. ಶಾಲೆಯ ಬಂಡಿಗಳಿಗೆ, ಬಡವರ ಆಟೊಗಳಿಗೆ ಕೂಲಿ ತೆಗೆದುಕೊಳ್ಳದೆ ಅಕ್ಷರ ಅಂಟಿಸಿಕೊಟ್ಟ. ಜನರ ಕಣ್ಣಿನಲ್ಲಿ ಅವನು ಇನ್ನೂ ಎತ್ತರವಾದ. ಎತ್ತರವಾದಷ್ಟೂ ಅವನಿಗೆ ಕೆಳಗೆ ನೋಡಲು ಹೆದರಿಕೆ. ಆ ವ್ಯಾನು ಬೀದಿಯಲ್ಲಿ ಬಂದರೆ ಮುಖ ತಿರುಗಿಸುವನು.

ಸೋಮವಾರ ಗುಡಿಯಲ್ಲಿ ಅವನಿಗೆ ಒಂದು ಸಂಕಟ ಕಾದಿರುತ್ತಿತ್ತು. ಪಾಲಯ್ಯನೂ ಅಲ್ಲಿಗೆ ಬರುತ್ತಿದ್ದ. ಒಂದು ಮೂಲೆಯಲ್ಲಿ ನಿಂತು, ಕಣ್ಣು ಮುಚ್ಚಿ, ತುಟಿ ಆಡಿಸುತ್ತ ಬಹಳ ಹೊತ್ತು ಏನೋ ಹೇಳಿಕೊಳ್ಳುತ್ತಿದ್ದ. ನನ್ನ ಮೇಲೆ ದೇವರಿಗೆ ದೂರು ಹೇಳುತ್ತಿದ್ದಾನೆ ಎಂದುಕೊಳ್ಳುವನು ಶರಣ. ಹೇಳಲಿ, ಅವನಿಗೆ ಆ ಹಕ್ಕಿದೆ ಎಂದುಕೊಳ್ಳುವನು. ಕಂಬದ ಮರೆಯಿಂದ ಸುತ್ತಿ ಇಳಿದುಬಿಡುವನು. ಹೀಗೆ ಒಂದು ವರ್ಷ ಕಳೆಯಿತು.

ಒಂದು ದಿನ ಯಾರದೋ ಲಾರಿಗೆ ಅಕ್ಷರ ಹಾಕಬೇಕಾಗಿತ್ತು. ಮೈತುಂಬ ಡಾಂಬರಿನ ಕಲೆ. ಲಾರಿಯನ್ನು ತೊಳೆಸಲೆಂದು ಊರ ಹೊರಗಿನ ವಾಟರ್ ಸರ್ವೀಸಿಗೆ ಒಯ್ದ. ಅಲ್ಲಿ ಪೈಪು ಹಿಡಿದು ನಿಂತಿದ್ದವನು ಪಾಲಯ್ಯ. ಯಾರೂ ಅವನಿಗೆ ಸ್ಟೀರಿಂಗು ಕೊಟ್ಟಿರಲಿಲ್ಲ. ಬಂಡಿ ತೊಳೆಯುವ ಕೆಲಸ ಸಿಕ್ಕಿತ್ತು.

ಶರಣನಿಗೆ ಓಡಿಹೋಗೋಣ ಎನ್ನಿಸಿತು. ಅಷ್ಟರಲ್ಲಿ ಪಾಲಯ್ಯ ಅವನನ್ನು ಕಂಡು ಪೈಪು ನಿಲ್ಲಿಸಿದ. ಎರಡೂ ಕೈಗಳನ್ನು ಮುಂದಕ್ಕೆ ಚಾಚಿ, ಮುಂಗೈ ಅಂಗೈ ತಿರುಗಿಸಿ ತೋರಿಸಿದ.

"ಸೋಪಿನಲ್ಲಿ ತೊಳ್ಕೊಂಡೀನಿ ಶರಣರೇ. ಜಿಡ್ಡಿಲ್ಲ. ಹೆದರಬೇಡ್ರಿ, ನಿಮ್ಮ ಕೆಲಸ ಕೆಡಲ್ಲ." ಆಮೇಲೆ ತಲೆ ಮುಟ್ಟಿಕೊಂಡು ಸಣ್ಣಗೆ ನಕ್ಕ. "ಇದಕ್ಕೂ ಎಣ್ಣೆ ಬಿಟ್ಟುಬಿಟ್ಟೆ. ನೋಡ್ರಿ, ತೆಂಗಿನ ನಾರಾಗೈತೆ. ಮನೇಲಿ ಬೈತಾಳೆ, ಹತ್ರ ಬಂದ್ರೆ ಚುಚ್ಚುತ್ತೆ ಅಂತ."

"ಪಾಲಣ್ಣ," ಎಂದ ಶರಣ. ಏನಾದರೂ ಆಡಬೇಕೆಂದು, "ಸೋಮವಾರ ಗುಡಿಗೆ ಬರ್ತೀಯಲ್ಲ," ಎಂದ.

"ಬರ್ತೀನಿ. ನೀವು ನೋಡಿದ್ರಾ?" ಪಾಲಯ್ಯ ದನಿ ತಗ್ಗಿಸಿದ. "ನಿಮ್ಮ ಹತ್ರ ಹೇಳಬೇಕು ಅಂತಿದ್ದೆ, ಧೈರ್ಯ ಸಾಲಲಿಲ್ಲ. ಅವತ್ತು ಜನದ ಮುಂದೆ ಮುಟ್ಟಿಲ್ಲ ಅಂತ ಆಣೆ ಬೇರೆ ಮಾಡಿದೆ, ಅದೂ ನಿಮ್ಮ ಮೇಲೆ. ನನಗೆ ನಿಜವಾಗಿ ನೆನಪಿರಲಿಲ್ಲ. ಆಮೇಲೆ ಕೂತು ಯೋಚನೆ ಮಾಡಿದೆ. ಶರಣರು ಸುಳ್ಳು ಹೇಳೋ ಪೈಕಿ ಅಲ್ಲ. ಅವರು ಹೇಳಿದ್ರು ಅಂದ್ರೆ ನಾನು ಮುಟ್ಟೇ ಇರಬೇಕು. ಹದಿನೆಂಟು ವರ್ಷದ ರೂಢಿ, ಕೈ ತಾನಾಗೇ ಹೋಗಿರುತ್ತೆ. ಮುಟ್ಟಿದ್ದೂ ಅಲ್ದೆ ಸುಳ್ಳು ಆಣೆ ಇಟ್ಟೆನಲ್ಲ. ಅದಕ್ಕೇ ಹೋಗ್ತೀನಿ. ತಪ್ಪಾಯ್ತು ಅಂತ ಕೇಳ್ಕೊಂಡು ಬರ್ತೀನಿ. ದೇವರು ಇನ್ನೂ ಏನೂ ಹೇಳಿಲ್ಲ."

ಮಗೂ, ಆ ಗಳಿಗೆಯಲ್ಲಿ ಶರಣನಿಗೆ ತನ್ನ ಒಂದು ವರ್ಷ ಕಣ್ಣೆದುರು ನಿಂತಿತು. ಒಂದೇ ಗುಡಿ. ಒಂದೇ ಸೋಮವಾರ. ಒಂದೇ ತಪ್ಪಿಗೆ ಇಬ್ಬರು ಕ್ಷಮೆ ಬೇಡುತ್ತಿದ್ದರು. ಮಾಡಿದವನು ಗರ್ಭಗುಡಿಯಲ್ಲಿ, ಮಾಡದವನು ಮೂಲೆಯಲ್ಲಿ. ತಾನು ಅಭಿಷೇಕದ ನೀರು ಎರೆಯುತ್ತಿದ್ದಾಗ ಆ ದೇವರು ಯಾರ ಮುಖ ನೋಡುತ್ತಿದ್ದ? ತನ್ನ ಬಾಯಿ ಇಲ್ಲಿ ತೆರೆಯಲೆಂದು ದೇವರು ಅಲ್ಲಿ ಕಾದು ಕೂತಿದ್ದನೇ? ತೊಳೆದ ನೀರು ಹರಿಯುವ ಕಲ್ಲಿನ ಮೇಲೆ, ಬಿಳಿ ಪಂಚೆಯಲ್ಲಿ, ಶರಣ ಕೂತುಬಿಟ್ಟ.

"ಅಯ್ಯಯ್ಯೋ, ಏಳ್ರಿ ಶರಣರೇ, ಗ್ರೀಸು ಐತೆ ಅಲ್ಲಿ!"

"ನೀನು ಮುಟ್ಟಿರಲಿಲ್ಲ ಪಾಲಣ್ಣ," ಎಂದ ಅವನು. "ಮುಟ್ಟಿದ್ದು ನಾನು. ದೀಪ ಹಚ್ಚಿದ ಕೈ ತೊಳೆದಿರಲಿಲ್ಲ. ನನ್ನ ಕೈ ಗುರುತನ್ನ ನಾನೇ ಅವತ್ತು ಮಧ್ಯಾಹ್ನ ನೋಡಿದೆ. ನೋಡಿ ಒಲೆಗೆ ಹಾಕಿದೆ."

ಪಾಲಯ್ಯ ಬೈಯುತ್ತಾನೆ ಎಂದು ಅವನು ತಲೆ ಬಗ್ಗಿಸಿ ಕೂತ. ಕೈಯಲ್ಲಿದ್ದ ಪೈಪಿನಿಂದ ಹೊಡೆದರೂ ಹೊಡೆಯಲಿ ಎಂದುಕೊಂಡ.

"ಹಂಗಾರೆ ನಾನು ಮುಟ್ಟಿರಲಿಲ್ಲ," ಎಂದ ಪಾಲಯ್ಯ.

"ಇಲ್ಲ."

"ಸುಳ್ಳು ಆಣೆ ಅಲ್ಲ ಅದು."

"ಅಲ್ಲ, ಪಾಲಣ್ಣ."

"ನಾನು ಮುಟ್ಟಿರಲಿಲ್ಲ," ಎಂದು ಇನ್ನೊಮ್ಮೆ ಹೇಳಿದ. ಶರಣನಿಗಲ್ಲ, ತನಗೇ ಹೇಳಿಕೊಂಡಂತಿತ್ತು. ಪೈಪನ್ನು ಕೆಳಗಿಟ್ಟು ಲಾರಿಯ ಗಾಲಿಗೆ ಒರಗಿ ಕೂತು, ಒದ್ದೆ ಕೈಗಳಲ್ಲಿ ಮುಖ ಮುಚ್ಚಿಕೊಂಡು ಅತ್ತ. ಇಬ್ಬರೂ ಅದೇ ನೀರಿನಲ್ಲಿ ಕೂತಿದ್ದರು. ಸ್ವಲ್ಪ ಹೊತ್ತಾದ ಮೇಲೆ ಪಾಲಯ್ಯ ಮುಖ ಎತ್ತಿದ. ಈಗ ಅವನ ಕಣ್ಣಿನಲ್ಲಿ ಸಿಟ್ಟು ಬಂದಿತ್ತು.

"ನನಗೆ ಹೇಳಿದ್ದಾಯ್ತು. ಜನಕ್ಕೆ ಯಾರು ಹೇಳ್ತಾರೆ? ನಗೋವಾಗ ಅವರೆಲ್ಲ ಇದ್ರಲ್ಲ."

"ಬಾ," ಎಂದು ಶರಣ ಎದ್ದ.

ಅವತ್ತು ನಾಲ್ಕು ಹಳ್ಳಿಯ ಹಿರಿಯರು ಸೇರುವ ದಿನವಲ್ಲ. ಅವನು ಮನೆಮನೆಗೆ ಹೋಗಿ ಕರೆದ. ಗ್ರೀಸು ಹತ್ತಿದ ಪಂಚೆಯಲ್ಲೇ ಹೋದ. ಶರಣರು ಕರೆದರೆಂದು ಜನ ಬಂದರು. ಅದೇ ಶಾಲೆಯ ಬಯಲು. ಅವನು ಪಾಲಯ್ಯನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ನಡೆದದ್ದನ್ನು ಹೇಳಿದ. ಒಲೆಗೆ ಹಾಕಿದ್ದನ್ನೂ ಹೇಳಿದ.

ಗೌಡರಿಗೆ ಇರುಸುಮುರುಸಾಯಿತು. "ದೊಡ್ಡ ಮನಸ್ಸು ಶರಣರೇ ನಿಮ್ಮದು. ಬಡವನ ಮೇಲಿನ ಕರುಣೆಯಿಂದ ತಪ್ಪನ್ನ ನಿಮ್ಮ ಮೇಲೆ ಹಾಕ್ಕೊಂಡು ಮಾತಾಡ್ತಿದ್ದೀರಿ. ಇದಕ್ಕೆ ಸಾಕ್ಷಿ ಏನೈತೆ?"

ತಪ್ಪು ಒಪ್ಪಿಕೊಂಡರೂ ಜನ ಅದನ್ನು ಪುಣ್ಯ ಮಾಡಿ ಅವನ ಕೊರಳಿಗೇ ಹಾಕಲು ಬಂದರು. ತಲೆಯಾಡಿಸಿ ಸುಮ್ಮನಿದ್ದರೆ ಸಾಕಿತ್ತು. ಅವನು ಸುಮ್ಮನಿರಲಿಲ್ಲ.

"ಅವತ್ತು ನನ್ನ ಮಾತಿಗೆ ನೀವು ಸಾಕ್ಷಿ ಕೇಳಲಿಲ್ಲ, ಗೌಡರೇ. ಇವತ್ತೂ ಕೇಳಬೇಡಿ. ಅವತ್ತು ನಂಬಿದ್ದು ಸುಳ್ಳು, ಇವತ್ತಿನದು ನಿಜ. ಇವನ ಕೀಲಿ ಇವನಿಗೆ ಕೊಡಿ. ನನ್ನನ್ನ ಇನ್ನು ಆ ಹೆಸರಿನಿಂದ ಕರೀಬೇಡಿ."

ಕೀಲಿ ಅಂದೇ ಸಿಗಲಿಲ್ಲ. ಪಾಲಯ್ಯನ ಜಾಗಕ್ಕೆ ಬಂದಿದ್ದ ಹೊಸ ಚಾಲಕನಿಗೂ ಹೆಂಡತಿ ಮಕ್ಕಳಿದ್ದರು. ಎರಡು ದಿನ ಮಾತುಕತೆ ನಡೆಯಿತು. ಕಡೆಗೆ ಹಗಲಿನ ಪಾಳಿ ಪಾಲಯ್ಯನಿಗೆ, ಇರುಳಿನದು ಹೊಸಬನಿಗೆ ಎಂದಾಯಿತು. ರೇಡಿಯಂ ಅಂಗಡಿಗೆ ಬರುವವರು ಕಡಿಮೆಯಾದರು. ಬಂದವರಲ್ಲಿ ಕೆಲವರು, "ಕೈ ತೊಳೆದಿದ್ದೀರಾ ಸ್ವಾಮಿ?" ಎಂದು ಕೇಳಿ ನಕ್ಕರು. ಅವನು ತೊಳೆದ ಕೈಯನ್ನು ಎತ್ತಿ ತೋರಿಸಿ ಕೆಲಸಕ್ಕೆ ಕೂರುತ್ತಿದ್ದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಗುರುಸಿದ್ದಪ್ಪನ ಕಣ್ಣು ತುಂಬಿತ್ತು. ಹೊರಗೆ ದಾಸೋಹದ ಪಂಕ್ತಿ ಎದ್ದು ತಟ್ಟೆ ತೊಳೆಯುವ ಸದ್ದು ಕೇಳಿಸುತ್ತಿತ್ತು. ಅವನು ಕೈಮುಗಿದು ಕೇಳಿದ.

"ಬುದ್ಧಿ, ಇಷ್ಟೆಲ್ಲ ಆದ ಮೇಲೆ ಆ ಶರಣನ ಮನಸ್ಸಿಗೆ ಸಮಾಧಾನ ಸಿಕ್ಕಿತೇ?"

"ಪಾಲಯ್ಯನಿಗೆ ಸಿಕ್ಕಿತೇ ಎಂದು ನೀನು ಇನ್ನೂ ಕೇಳಲಿಲ್ಲ, ಮಗೂ," ಎಂದರು ಗುರುಗಳು.